ಯಾರೂ ಆರಿಸದಿದ್ದರೆ ಮೊದಲ ಪಾಳಿ

ಕಂಪ್ಯೂಟರ್ ಪರದೆಯ ಮೇಲೆ ಬಣ್ಣದ ಕಂಬಗಳನ್ನು ತೋರಿಸಿ ಯಾರಾದರೂ "ಇಲ್ಲೇ ಇದೆಯಲ್ಲ, ನೋಡಿ" ಎಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ತಾವು ಏನನ್ನು ನೋಡುತ್ತಿದ್ದೇವೆ ಎಂದು ಆ ಪುಣ್ಯಾತ್ಮರಿಗೇ ಗೊತ್ತಿರುವುದಿಲ್ಲ. ಚಿತ್ರದ ಮೂಲೆಯಲ್ಲಿ ಒಂದು ಪುಟ್ಟ ಚೌಕ ಇರುತ್ತದೆ, ಅದರ ಪಕ್ಕದಲ್ಲಿ ಕೆಳಮುಖದ ಬಾಣ. ಒತ್ತಿದರೆ ಬೇರೆ ಚಿತ್ರ ಬರುತ್ತದೆ. ಯಾರೂ ಒತ್ತುವುದಿಲ್ಲ. ಒಂದು ಕೈಯಲ್ಲಿ ಕಾಫಿ, ಇನ್ನೊಂದು ಕೈಯಲ್ಲಿ ಮೊಬೈಲು, ಒತ್ತುವುದಕ್ಕೆ ಮೂರನೇ ಕೈ ಎಲ್ಲಿಂದ ತರುತ್ತಾರೆ.

ರಾಮನಗರ ಆಗಷ್ಟೇ ಜಿಲ್ಲೆಯಾಗಿತ್ತು. ಹೆದ್ದಾರಿಯ ಎರಡೂ ಪಕ್ಕದ ರಾಗಿ ಹೊಲಗಳಿಗೆ ಕಾಂಪೌಂಡು ಏಳುತ್ತಿದ್ದ ಕಾಲ. ನಿನ್ನೆ ಹಸು ಮೇಯುತ್ತಿದ್ದ ಜಾಗದಲ್ಲಿ ಇವತ್ತು ಸೆಕ್ಯೂರಿಟಿಯವನು ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ನಾನು ಬಿಕಾಂ ಮುಗಿಸಿ, ಕಾರುಗಳಿಗೆ ವೈರಿನ ಕಟ್ಟು ಜೋಡಿಸಿಕೊಡುವ ಅಂಥದೊಂದು ಕಾರ್ಖಾನೆಯ ಆಫೀಸಿಗೆ ಸೇರಿದೆ. ಕೈಲಾಂಚದ ಹತ್ತಿರದ ನಮ್ಮ ಊರಿನಿಂದ ಟೌನಿಗೆ ಬಂದು, ಅಲ್ಲಿಂದ ಕಂಪನಿ ಬಸ್ಸು ಹಿಡಿಯುತ್ತಿದ್ದೆ. ಎಲ್ಲಾ ವಿಭಾಗಗಳ ಅಂಕಿ ಒಟ್ಟು ಮಾಡಿ ಮ್ಯಾನೇಜರಿಗೆ ಒಪ್ಪಿಸುವುದು ನನ್ನ ಕೆಲಸ. ಮೊದಲು ಹಾಳೆಯಲ್ಲಿ ಕೊಡುತ್ತಿದ್ದೆ. ಆಮೇಲೆ ಬೆಂಗಳೂರಿನ ಹೆಡ್ ಆಫೀಸಿನವರು ಹೊಸ ಸಾಫ್ಟ್‌ವೇರ್ ತರಿಸಿ, ಇನ್ನು ಮೇಲೆ ಹಾಳೆ ಬೇಡ, ಡ್ಯಾಶ್‌ಬೋರ್ಡು ಎಂದರು. ಇಡೀ ಕಾರ್ಖಾನೆಯ ಲೆಕ್ಕವೆಲ್ಲ ಒಂದೇ ಪರದೆಯಲ್ಲಿ ಚಿತ್ರವಾಗಿ ಕಾಣುತ್ತದಂತೆ.

ಆ ಚಿತ್ರಗಳು ತಾವಾಗಿ ಬರುವುದಿಲ್ಲ. ಒಂದೊಂದಕ್ಕೂ ಒಂದೊಂದು ಸೂತ್ರ ಬರೆಯಬೇಕು, ಬರೆಯುವವಳು ನಾನು. ಮೂಲೆಯ ಚೌಕದಲ್ಲಿ ನೋಡುವವರು ಯಾವ ಪಾಳಿಯನ್ನು ಆರಿಸುತ್ತಾರೋ ಆ ಪಾಳಿಯ ಜನರನ್ನು ಮಾತ್ರ ಎಣಿಸು ಎಂದು ಸೂತ್ರಕ್ಕೆ ಹೇಳಬೇಕು. ಅವರು ಏನನ್ನೂ ಆರಿಸದೆ ಸುಮ್ಮನೆ ತೆರೆದರೆ? ಆಗ ಚಿತ್ರ ಖಾಲಿ ಬರುತ್ತದೆ. ಹಾಗಾಗಬಾರದು ಅಂತ ಸೂತ್ರದ ಕೊನೆಗೆ ಇನ್ನೊಂದು ಮಾತು ಸೇರಿಸಬೇಕು: ಯಾರೂ ಆರಿಸದಿದ್ದರೆ ಇದನ್ನು ತೆಗೆದುಕೋ. ಇದಕ್ಕೆ ಡೀಫಾಲ್ಟ್ ಎನ್ನುತ್ತಾರೆ. ನೋಡುವುದಕ್ಕೆ ಒಂದೇ ಒಂದು ಪದ, ಆದರೆ ಅದು ನನ್ನ ತಲೆ ತಿಂದಷ್ಟು ಇಡೀ ಬಿಕಾಂ ತಿಂದಿರಲಿಲ್ಲ.

ನಾನು ಅಲ್ಲಿ "ಎಲ್ಲಾ" ಎಂದು ಬರೆದಿದ್ದೆ. ಯಾರೂ ಏನೂ ಆರಿಸದಿದ್ದರೆ ಎಲ್ಲಾ ಪಾಳಿಯವರನ್ನೂ ತೋರಿಸು. ಅದರಲ್ಲಿ ತಪ್ಪೇನಿದೆ, ನೀವೇ ಹೇಳಿ. ಆದರೆ ನಮ್ಮ ಕಂಪ್ಯೂಟರಿಗೆ ಅಷ್ಟೂ ಜನರನ್ನು ಎಣಿಸುವುದಕ್ಕೆ ಹೊತ್ತು ಹಿಡಿಯುತ್ತಿತ್ತು. ಪರದೆಯ ಮೇಲೆ ಮರಳು ಗಡಿಯಾರ ತಿರುಗುತ್ತಾ ಕೂರುತ್ತಿತ್ತು. ಮ್ಯಾನೇಜರಿಗೆ ಮೂಗಿನ ತುದಿಯಲ್ಲೇ ಕೋಪ.

"ಏನಮ್ಮಾ ಇದು, ಹೆಡ್ ಆಫೀಸಿನವರು ಬಂದಾಗ ಹೀಗೆ ಸುತ್ತುತಾ ಇದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಫಸ್ಟ್ ಶಿಫ್ಟ್ ಅಂತ ಹಾಕು. ತಟ್ ಅಂತ ಬರುತ್ತೆ."

"ಸಾರ್, ಬರೀ ಫಸ್ಟ್ ಶಿಫ್ಟ್ ಹಾಕಿದ್ರೆ ಉಳಿದವರು ಕಾಣಲ್ಲ."

"ಬಾಣ ಇದೆಯಲ್ಲ, ಬೇಕಾದವರು ಒತ್ತಿ ನೋಡ್ಕೋತಾರೆ."

ಯಾರೂ ಒತ್ತಲ್ಲ ಸಾರ್ ಎಂದೆ. ಒತ್ತುತಾರೆ ಎಂದರು. ಅವರು ಮ್ಯಾನೇಜರು, ನಾನು ಅಸಿಸ್ಟೆಂಟು, ಒತ್ತುತಾರೆ ಎಂದಾಯಿತು. ಸೂತ್ರ ಬದಲಾಯಿಸಿದೆ. ಆದರೂ ಮನಸ್ಸು ತಡೆಯದೆ ಚಿತ್ರದ ತಲೆಬರಹದ ಕೆಳಗೆ ಸಣ್ಣ ಅಕ್ಷರದಲ್ಲಿ "ಮೊದಲ ಪಾಳಿ ಮಾತ್ರ" ಎಂದು ಸೇರಿಸಿದೆ. ಮರುದಿನವೇ ಕರೆಸಿದರು. ಅದೇನು ಇಡೀ ಪರದೆಗೆ ನೊಣ ಕೂತ ಹಾಗೆ, ತೆಗಿ ಎಂದರು. ತೆಗೆದೆ. ಸೋಮವಾರ ಬೆಳಿಗ್ಗೆ ಆ ಚಿತ್ರಗಳು ಮೇಲ್‌ನಲ್ಲಿ ತಾವಾಗಿಯೇ ಹೆಡ್ ಆಫೀಸಿಗೆ ಹೋಗುತ್ತಿದ್ದವು. ಹೋಗುವಾಗ ಬಾಣ ಒತ್ತುವುದಕ್ಕೆ ಅಲ್ಲಿ ಯಾರಿರುತ್ತಾರೆ? ಡೀಫಾಲ್ಟ್ ಏನಿದೆಯೋ ಅದೇ ಹೋಗುತ್ತಿತ್ತು. ಇದನ್ನೂ ಹೇಳಿದೆ. "ಆಯ್ತು ಹೋಗಮ್ಮಾ, ನೋಡೋಣ" ಎಂದರು. ಆ "ನೋಡೋಣ" ಕೇಳಿದರೆ ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸುತ್ತಿತ್ತು.

ಈಗ ನಮ್ಮ ಅಕ್ಕನ ವಿಷಯ ಹೇಳಬೇಕು, ಯಾಕೆಂದರೆ ನನ್ನ ಸಿಟ್ಟಿನ ಬೇರು ಇರುವುದು ಅಲ್ಲಿ. ಅಕ್ಕನನ್ನು ಸಾತನೂರಿನ ಹತ್ತಿರದ ಹಳ್ಳಿಗೆ ಕೊಟ್ಟಿತ್ತು. ರೇಷ್ಮೆ ಬೆಳೆಯುವ ಮನೆ. ಅವಳೂ ಇದೇ ಕಾರ್ಖಾನೆಯಲ್ಲಿ ವೈರು ಜೋಡಿಸುವ ಲೈನಿನಲ್ಲಿ ಕೆಲಸಕ್ಕಿದ್ದಳು. ಮನೆಯವರು ಒಪ್ಪಿದ್ದು ಕಂಪನಿ ಬಸ್ಸು ಊರ ಬಾಗಿಲಿನವರೆಗೆ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಡ್ರೈವರ್ ಕೂಡ ಆ ಕಡೆಯವನೇ, ಎರಡನೇ ಪಾಳಿ ಮುಗಿಸಿ ಕತ್ತಲಲ್ಲಿ ಬರುವ ಹೆಂಗಸರನ್ನು ಮನೆ ಬಾಗಿಲು ತೆಗೆಯುವ ತನಕ ನಿಂತು ನೋಡಿ ಹೋಗುತ್ತಿದ್ದ. ಅಕ್ಕನಿಗೆ ದೀಪಾವಳಿ ಕಳೆದ ಮೇಲೆ ಕೆಲಸ ಕಾಯಂ ಆಗುತ್ತದೆ ಎಂದಿದ್ದರು. ಅವಳು ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟವಳು. ನಾನು ಕಾಲೇಜಿಗೆ ಹೋಗುವಾಗ ನನ್ನ ಡಬ್ಬಿಗೆ ಅವಳೇ ಬುತ್ತಿ ಕಟ್ಟಿಕೊಟ್ಟಿದ್ದಳು. ಕಾಯಂ ಎಂಬ ಮಾತು ಬಂದ ಮೇಲೆ ಅವಳು ನಡೆಯುವ ರೀತಿಯೇ ಬದಲಾಗಿತ್ತು. ಕೊರಳಲ್ಲಿ ಕಾರ್ಡು ಹಾಕಿಕೊಂಡು ಗೇಟಿನಲ್ಲಿ ಅದನ್ನು ಉಜ್ಜಿ ಒಳಗೆ ಬರುವಾಗ ನನ್ನ ಕಡೆ ನೋಡಿ ನಗುತ್ತಿದ್ದಳು. ಆ ಕಾರ್ಡು ಉಜ್ಜಿದ್ದರಿಂದಲೇ ಯಾವ ಬಸ್ಸಿನಲ್ಲಿ ಎಷ್ಟು ಜನ ಬಂದರು ಎಂಬ ಅಂಕಿ ನನ್ನ ಚಿತ್ರಕ್ಕೆ ಬರುತ್ತಿತ್ತು.

ಒಂದು ದಿನ ಊಟದ ಹೊತ್ತಿನಲ್ಲಿ ಅವಳು ಆಫೀಸಿಗೆ ಬಂದಾಗ ಆ ಚಿತ್ರ ತೋರಿಸಿದೆ. ರಾಮನಗರ, ಚನ್ನಪಟ್ಟಣ, ಮಾಗಡಿ ಕಡೆಯ ಗುಡೇಮಾರನಹಳ್ಳಿ, ಸಾತನೂರು, ಹೀಗೆ ಬಸ್ಸಿಗೊಂದು ಕಂಬ.

"ಇದ್ರೊಳಗೆ ನಾನೆಲ್ಲಿವ್ನಿ?" ಎಂದಳು.

"ನೀನೀಗ ಎರಡನೇ ಪಾಳಿ. ತಡಿ" ಎಂದು ಬಾಣ ಒತ್ತಿದೆ. ಸಾತನೂರಿನ ಕಂಬ ಮೇಲಕ್ಕೆದ್ದಿತು.

"ಒತ್ತುದ್ರೆ ಮಾತ್ರ ಕಾಣ್ತೀನಾ? ಚೆನ್ನಾಗೈತೆ ಕಣೆ ನಿಮ್ ಆಪೀಸು" ಎಂದು ನಕ್ಕು ಹೋದಳು. ನನಗೆ ನಗು ಬರಲಿಲ್ಲ.

ಅವರೆಲ್ಲ ಎರಡನೇ ಪಾಳಿಗೆ ಹೋಗಿದ್ದಕ್ಕೂ ಒಂದು ಕಾರಣವಿತ್ತು. ಸಾತನೂರಿನ ಕಡೆಯ ಆ ಹೆಂಗಸರೆಲ್ಲ ರೇಷ್ಮೆ ಮನೆಯವರೇ. ಮರಿಹುಳುಗಳನ್ನು ಎಲ್ಲರೂ ಮೊಟ್ಟೆಯೊಡೆಸಿ ಮರಿ ಸಾಕುವ ಒಂದೇ ಚಾಕಿ ಕೇಂದ್ರದಿಂದ, ಒಂದೇ ಸಲ ತರುತ್ತಿದ್ದರು. ಹಾಗಾಗಿ ಎಲ್ಲರ ಮನೆಯಲ್ಲೂ ಹುಳು ಒಟ್ಟಿಗೇ ಬೆಳೆಯುತ್ತಿತ್ತು. ಕೊನೆಯ ಸಲ ಪೊರೆ ಬಿಟ್ಟ ಮೇಲೆ ಅವಕ್ಕೆ ಎಲ್ಲಿಲ್ಲದ ಹಸಿವು. ಬೆಳಗಿನ ತಂಪಿನಲ್ಲೇ ಸೊಪ್ಪು ಕೊಯ್ದು ತರಬೇಕು, ಬಿಸಿಲೇರಿದರೆ ಬಾಡುತ್ತದೆ. ಆ ದಿನಗಳಲ್ಲಿ ಬೆಳಗಿನ ಪಾಳಿಗೆ ಬಾ ಎಂದರೆ ಯಾರು ಬರುತ್ತಾರೆ? ಅದಕ್ಕೆ ಅವರು ಮುಯ್ಯಿಯ ದಾರಿ ಹಿಡಿದಿದ್ದರು. ನಮ್ಮ ಕಡೆ ಹೊಲದಲ್ಲಿ ನಡೆಯುವ ಪದ್ಧತಿ ಅದು. ಇವತ್ತು ನಿಮ್ಮ ಕಳೆ ಕೀಳುವುದಕ್ಕೆ ನಾವು ಬಂದರೆ, ನಮಗೆ ಬೇಕಾದ ದಿನ ನೀವು ಬರಬೇಕು. ಕೂಲಿಯ ಮಾತಿಲ್ಲ. ಅದನ್ನೇ ಇವರು ಕಾರ್ಖಾನೆಯೊಳಕ್ಕೆ ತಂದಿದ್ದರು. ಹುಳು ಇರುವಷ್ಟು ದಿನ ಸಾತನೂರಿನವರ ಬೆಳಗಿನ ಪಾಳಿಯನ್ನು ಚನ್ನಪಟ್ಟಣದ ಹೆಂಗಸರು ಮಾಡುತ್ತಿದ್ದರು. ಗೂಡು ಬಿಡಿಸಿ ಮಾರಿದ ಮೇಲೆ, ಚನ್ನಪಟ್ಟಣದವರು ಯಾವ ಪಾಳಿ ಕೇಳಿದರೆ ಆ ಪಾಳಿಯನ್ನು ಇವರು ಬಿಟ್ಟುಕೊಡಬೇಕು. ಲೈನು ತುಂಬಿದ್ದರೆ ಸಾಕು ಎಂದು ಸೂಪರ್‌ವೈಸರುಗಳು ಸುಮ್ಮನಿದ್ದರು.

ಹೀಗೆ ಆ ಬೆಳೆಯ ದಿನಗಳಲ್ಲಿ ಸಾತನೂರಿನ ಬಸ್ಸು ಬೆಳಿಗ್ಗೆ ಬಡಬಡ ಸದ್ದು ಮಾಡುತ್ತಾ ಖಾಲಿ ಬರುತ್ತಿತ್ತು, ಮಧ್ಯಾಹ್ನ ಕಿಕ್ಕಿರಿದು ಬರುತ್ತಿತ್ತು. ನನ್ನ ಚಿತ್ರದಲ್ಲಿ ಮಾತ್ರ ಮಧ್ಯಾಹ್ನವೇ ಇರಲಿಲ್ಲ.

ಸುದ್ದಿ ಹೇಳಿದವನು ಡ್ರೈವರ್. ಗೇಟಿನ ಹತ್ತಿರ ನಿಲ್ಲಿಸಿಕೊಂಡ.

"ನಮ್ ಗಾಡಿ ತೆಗೆದ್ಬುಡ್ತಾರಂತೆ ಕಣವ್ವ. ಜನಾನೇ ಇಲ್ವಂತೆ. ಮಧ್ಯಾಹ್ನ ಒಸಿ ಬಂದು ನೋಡು, ನಿಂತ್ಕಳಕ್ಕೂ ಜಾಗ ಇರಾಕಿಲ್ಲ. ಅದ್ಯಾರು ಎಣಿಸೋರು?"

ಎಣಿಸುವವಳು ನಾನೇ ಎಂದು ಅವನಿಗೆ ಗೊತ್ತಿರಲಿಲ್ಲ. ನೇರ ಮ್ಯಾನೇಜರ್ ಹತ್ತಿರ ಹೋದೆ. ಸಾರ್, ಸಾತನೂರಿನವರು ಈಗ ಎರಡನೇ ಪಾಳಿಯಲ್ಲಿದ್ದಾರೆ, ಚಿತ್ರ ತೋರಿಸುವುದು ಮೊದಲ ಪಾಳಿಯನ್ನು, ಅದಕ್ಕೇ ಬಸ್ಸು ಖಾಲಿ ಕಾಣುತ್ತಿದೆ, ಡೀಫಾಲ್ಟ್ ಬದಲಾಯಿಸುತ್ತೇನೆ ಎಂದೆ. ಒಂದೇ ಉಸಿರಿಗೆ ಹೇಳಿದೆ.

ಅವರಿಗೆ ಅರ್ಥವಾಗಲಿಲ್ಲ ಎಂದುಕೊಳ್ಳಬೇಡಿ. ಚೆನ್ನಾಗಿಯೇ ಅರ್ಥವಾಯಿತು. ಅದೇ ನನ್ನ ಹೊಟ್ಟೆಉರಿ.

"ನೋಡಮ್ಮಾ, ಈಗ ಬದಲಾಯಿಸಿದ್ರೆ ಇಷ್ಟು ದಿನ ಕಳಿಸಿದ್ದೆಲ್ಲ ತಪ್ಪು ಅಂತಾಗುತ್ತೆ. ರಿವ್ಯೂ ಮೀಟಿಂಗ್ ಮುಗೀಲಿ. ಆಮೇಲೆ ನಿಧಾನಕ್ಕೆ ಸರಿ ಮಾಡೋಣ."

"ಬಸ್ಸು ನಿಲ್ಲಿಸೋದು ಆ ಮೀಟಿಂಗಲ್ಲೇ ಅಲ್ವಾ ಸಾರ್?"

"ಅಲ್ಲಿ ನಾನಿರ್ತೀನಲ್ಲ. ಬಾಯಲ್ಲಿ ಹೇಳ್ತೀನಿ."

ನಂಬಿದೆ. ನಂಬದೆ ಏನು ಮಾಡಲಿ? ಅವರ ಪಾಸ್‌ವರ್ಡ್ ಇಲ್ಲದೆ ಸೂತ್ರವನ್ನು ಮುಟ್ಟುವ ಹಾಗೂ ಇರಲಿಲ್ಲ. ಹೆಡ್ ಆಫೀಸಿನವರು ಅಷ್ಟರಲ್ಲಿ ಎಲ್ಲಕ್ಕೂ ಬೀಗ ಹಾಕಿಸಿದ್ದರು.

ಮೀಟಿಂಗಿನ ದಿನ ನನ್ನನ್ನೂ ಒಳಗೆ ಕೂರಿಸಿದರು. ಮಾತಾಡುವುದಕ್ಕಲ್ಲ, ಮೌಸ್ ಹಿಡಿಯುವುದಕ್ಕೆ. ಹೆಡ್ ಆಫೀಸಿನಿಂದ ಬಂದ ಸಾಹೇಬರು ಮೇಜಿನ ತುದಿಯಲ್ಲಿ ಕೂತಿದ್ದರು. ಪರದೆ ಅಷ್ಟು ದೊಡ್ಡದಾಗಿ ಗೋಡೆ ತುಂಬಾ ಇದ್ದರೂ ಅವರು ನೋಡುತ್ತಿದ್ದುದು ಸೋಮವಾರದ ಮೇಲ್‌ನಿಂದ ಪ್ರಿಂಟ್ ತೆಗೆದುಕೊಂಡು ಬಂದಿದ್ದ ಕಾಗದವನ್ನು. ಬಸ್ಸಿನ ವಿಷಯ ಬಂತು. ಸಾತನೂರಿನ ಗಾಡಿಗೆ ಜನವೇ ಇಲ್ಲ, ಇದನ್ನೇಕೆ ಓಡಿಸುತ್ತೀರಿ ಎಂದು ಕೇಳಿದರು.

ನಾನು ಮ್ಯಾನೇಜರ್ ಮುಖ ನೋಡಿದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಅವರು ಪೆನ್ನಿನ ಕ್ಯಾಪು ತೆಗೆದರು, ಹಾಕಿದರು. "ಪರಿಶೀಲಿಸ್ತಾ ಇದ್ದೀವಿ ಸಾರ್" ಎಂದರು. ಅಷ್ಟೇ.

ಮೌಸ್ ನನ್ನ ಕೈಯಲ್ಲಿತ್ತು. ಬಾಣ ಒತ್ತಿದೆ. ಎರಡನೇ ಪಾಳಿ ಆರಿಸಿದೆ. ಮರಳು ಗಡಿಯಾರ ಸ್ವಲ್ಪ ಹೊತ್ತು ಸುತ್ತಿ, ಸಾತನೂರಿನ ಕಂಬ ಎಲ್ಲಕ್ಕಿಂತ ಎತ್ತರವಾಗಿ ಎದ್ದು ನಿಂತಿತು. ಸಾಹೇಬರು ಒಮ್ಮೆ ಪರದೆ ನೋಡಿದರು, ಒಮ್ಮೆ ಕಾಗದ ನೋಡಿದರು.

"ಇದರಲ್ಲಿ ಹಾಗಿಲ್ಲವಲ್ಲ. ಯಾವುದು ಸರಿ?"

"ಕಾಗದದಲ್ಲಿ ಇರೋದೇ ಸಾರ್" ಎಂದರು ನಮ್ಮ ಮ್ಯಾನೇಜರ್. "ಅದು ಇನ್ನೂ ಟೆಸ್ಟಿಂಗು. ಹಿಂದಕ್ಕೆ ಹೋಗಮ್ಮಾ."

"ಸಾರ್, ಇದು ಎರಡನೇ ಪಾಳಿ" ಎಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು.

"ಹಿಂದಕ್ಕೆ ಹೋಗು ಅಂದೆ" ಎಂದರು.

ಹಿಂದಕ್ಕೆ ಹೋದೆ. ಕಂಬ ನೆಲಕ್ಕೆ ಕೂತಿತು. ಸಾಹೇಬರು ಕಾಗದದ ಮೇಲೆ ಗೀಟು ಹಾಕಿ ಮುಂದಿನ ಹಾಳೆ ತಿರುಗಿಸಿದರು. ಮುಂದಿನದು ಕ್ಯಾಂಟೀನಿನ ವಿಷಯ, ಸಾಂಬಾರು ನೀರಾಗಿರುತ್ತದೆ ಎಂದು ಅದನ್ನು ತುಂಬಾ ಹೊತ್ತು ಚರ್ಚಿಸಿದರು.

ಬಸ್ಸು ನಿಂತಿತು. ಗೋಡೆಗೆ ಒಂದು ನೋಟೀಸ್ ಅಂಟಿಸಿದರು, ಮುಗಿಯಿತು. ಡ್ರೈವರನ್ನು ಬೇರೆ ಕಂಪನಿಯ ಗಾಡಿಗೆ ಹಾಕಿದರು. ಕನಕಪುರದವರೆಗೆ ಸರ್ಕಾರಿ ಬಸ್ಸು ಹಿಡಿದು, ಅಲ್ಲಿಂದ ರಾಮನಗರಕ್ಕೆ ಇನ್ನೊಂದು ಬಸ್ಸು ಹತ್ತಿ, ಅಲ್ಲಿ ನಮ್ಮ ಕಂಪನಿ ಗಾಡಿ ಹಿಡಿಯುತ್ತೇನೆ ಎಂದು ಅಕ್ಕ ಹಟ ಮಾಡಿದಳು. ಬೆಳಗಿನ ಪಾಳಿಗೆ ಬರಬೇಕೆಂದರೆ ಅಷ್ಟು ಬೇಗ ಮೊದಲ ಬಸ್ಸೇ ಹೊರಡುವುದಿಲ್ಲ. ಎರಡನೇ ಪಾಳಿಗೆ ಬಂದರೆ ವಾಪಸ್ಸು ಹೋಗುವುದಕ್ಕೆ ಬಸ್ಸಿಲ್ಲ. ಒಂದೆರಡು ಸಲ ನಮ್ಮ ಮನೆಯಲ್ಲೇ ಉಳಿದುಕೊಂಡಳು. ಹುಳು ಹಣ್ಣಾಗಿ ಗೂಡು ಕಟ್ಟುವುದಕ್ಕೆ ಬಿಡಬೇಕಾದ ಹೊತ್ತಿಗೆ ಮನೆಯ ಹೆಂಗಸು ತವರಿನಲ್ಲಿ ಮಲಗಿದ್ದರೆ ಯಾವ ಅತ್ತೆ ಸುಮ್ಮನಿರುತ್ತಾಳೆ? ಬಾವ ಫೋನಿನಲ್ಲಿ ಜೋರಾಗಿ ಏನೂ ಅನ್ನಲಿಲ್ಲ. "ನೀನೇ ಯೋಚ್ನೆ ಮಾಡು" ಎಂದ. ಅವನು ಕೂಗಾಡಿದ್ದರೆ ಅವಳು ತಿರುಗಿ ಬೈದು ಕೆಲಸ ಮುಂದುವರಿಸುತ್ತಿದ್ದಳೋ ಏನೋ. ದೀಪಾವಳಿ ಇನ್ನೂ ಬಂದಿರಲಿಲ್ಲ. ಅವಳು ಬರುವುದನ್ನು ಬಿಟ್ಟಳು. ಆ ಕಡೆಯ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಬಿಟ್ಟರು.

ಕಾಯಂ ಹೋಯಿತಲ್ಲ ಎಂದು ಅವಳು ಅತ್ತಿದ್ದರೆ ನಾನೂ ಜೊತೆಗೆ ಕೂತು ಅಳುತ್ತಿದ್ದೆ. ಅವಳ ಚಿಂತೆ ಬೇರೆಯೇ ಆಗಿತ್ತು. ಫೋನು ಮಾಡಿ ಹೇಳಿದಳು:

"ಚನ್ನಪಟ್ಟಣದೋಳು ನಂಗೆ ಬೆಳಿಗ್ಗೆ ಪಾಳಿ ಮಾಡ್ಕೊಟ್ಟವ್ಳೆ ಕಣೆ. ಅವಳ ತಂಗಿ ಬಾಣಂತನಕ್ಕೆ ನಾನು ಪಾಳಿ ಮಾಡ್ಕೊಡ್ತೀನಿ ಅಂತ ಒಪ್ಕಂಡಿದ್ದೆ. ಮುಯ್ಯಿ ತಿಂದು ಓಡೋದ್ಲು ಅಂತಾಳೆ. ಒಸಿ ನೀನೇ ಹೇಳು ಅವಳ್ಗೆ."

ಹೇಳಲು ಹೋದೆ. ಚನ್ನಪಟ್ಟಣದ ಆ ಹೆಂಗಸು ಕೈ ತೊಳೆಯುವ ನಲ್ಲಿಯ ಹತ್ತಿರ ಸಿಕ್ಕಿದಳು. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು: "ನಿಮ್ಮಕ್ಕ ಯಾವತ್ತು ಬತ್ತಾಳೆ? ನಮ್ ತಂಗಿ ಹೆರಿಗೆಗೆ ಬಂದವ್ಳೆ. ನಿಮ್ಮಕ್ಕ ಮಾಡ್ಕೊಡ್ತಾಳಲ್ಲ ಅಂತ ನಾನು ಬೇರೆ ಯಾರ್ನೂ ಕೇಳಾಕೆ ಹೋಗಿಲ್ಲ." ಬಸ್ಸು ನಿಂತಿತು ಎಂದೆ. "ಅದು ಗೊತ್ತು. ಅವಳು ಯಾವತ್ತು ಬತ್ತಾಳೆ ಅಂತ ಕೇಳ್ದೆ" ಎಂದಳು. ಅವಳು ಸೆರಗಿಗೆ ಕೈ ಒರೆಸಿಕೊಂಡು ಲೈನಿಗೆ ಹೋದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಇನ್ನು ಕೊನೆಯದು. ಅದಾದ ಮೇಲೆ ಕೆಲವು ವಾರ ಕಳೆದಿರಬೇಕು. ನಮ್ಮ ಮ್ಯಾನೇಜರ್ ತುಂಬಾ ಖುಷಿಯಿಂದ ಕರೆಸಿದರು. ಹೊಸ ಕಂಪ್ಯೂಟರ್ ಬಂದಿತ್ತು, ಈಗ ಎಷ್ಟು ಜನರನ್ನಾದರೂ ಕ್ಷಣದಲ್ಲಿ ಎಣಿಸುತ್ತಿತ್ತು. ರಿವ್ಯೂ ಕೂಡ ಮುಗಿದಿತ್ತು. ಪಾಸ್‌ವರ್ಡನ್ನು ಅವರೇ ಹೇಳಿಕೊಟ್ಟರು.

"ಅವತ್ತು ಕೇಳಿದ್ಯಲ್ಲಮ್ಮಾ, ಈಗ ಹಾಕ್ಕೋ ನಿನ್ನ 'ಎಲ್ಲಾ'ನ."

ಹಾಕಿದೆ. ಯಾರೂ ಆರಿಸದಿದ್ದರೆ ಎಲ್ಲಾ. ಆ ಒಂದು ಪದಕ್ಕೆ ಎಷ್ಟು ಬಾಯಿ ಬಡಿದುಕೊಂಡಿದ್ದೆ. ಬರೆದು ಮುಗಿಸುವುದಕ್ಕೆ ಉಸಿರೆಳೆದು ಬಿಡುವಷ್ಟು ಹೊತ್ತೂ ಆಗಲಿಲ್ಲ. ಚಿತ್ರ ತಟ್ಟನೆ ತೆರೆದುಕೊಂಡಿತು. ರಾಮನಗರ, ಚನ್ನಪಟ್ಟಣ, ಗುಡೇಮಾರನಹಳ್ಳಿ ಎಲ್ಲಾ ಎದ್ದು ನಿಂತವು. ಸಾತನೂರು ಎಂದು ಬರೆದ ಜಾಗದಲ್ಲಿ ಏನೂ ಇರಲಿಲ್ಲ.

ಬಾಣ ಒತ್ತಿದೆ. ಮೊದಲ ಪಾಳಿ ಆರಿಸಿದೆ, ಇಲ್ಲ. ಎರಡನೇ ಪಾಳಿ ಆರಿಸಿದೆ, ಇಲ್ಲ. ಮತ್ತೆ ಎಲ್ಲಾ ಆರಿಸಿದೆ.

ಮ್ಯಾನೇಜರ್ ನನ್ನ ಹಿಂದೆ ನಿಂತು ಬಗ್ಗಿ ನೋಡಿದರು. "ನೋಡ್ದಾ? ಯಾವ್ದು ಹಾಕಿದ್ರೂ ಅಷ್ಟೇ. ಸುಮ್ನೆ ಅಷ್ಟೊಂದು ಗಲಾಟೆ ಮಾಡ್ದೆ." ಅವರ ದನಿಯಲ್ಲಿ ಕುಹಕವೇನೂ ಇರಲಿಲ್ಲ. ನಿಜವಾಗಿಯೂ ಹಾಗೆಂದೇ ನಂಬಿದ್ದರು. "ಆ ಸಾತನೂರು ಅನ್ನೋದನ್ನೂ ಪಟ್ಟಿಯಿಂದ ತೆಗೆದುಬಿಡು. ಖಾಲಿ ಜಾಗ ಚೆನ್ನಾಗಿ ಕಾಣಲ್ಲ."

ಹಲ್ಲು ಕಚ್ಚಿಕೊಂಡು ಪಟ್ಟಿ ತೆರೆದೆ. ಸಾತನೂರಿನ ಮೇಲೆ ಮೌಸ್ ಇಟ್ಟೆ. ತೆಗೆಯಲೇ ಎಂದು ಕಂಪ್ಯೂಟರ್ ಕೇಳಿತು, ಹೌದು, ಇಲ್ಲ ಎಂದು ಎರಡು ಗುಂಡಿ ತೋರಿಸಿತು. ಅದಕ್ಕೂ ಒಂದು ಡೀಫಾಲ್ಟ್ ಇತ್ತು, "ಹೌದು" ಎಂಬುದರ ಸುತ್ತ ಮೊದಲೇ ಗೆರೆ ಬಿದ್ದಿತ್ತು. ಮ್ಯಾನೇಜರ್ ನನ್ನ ಭುಜದ ಮೇಲಿನಿಂದ ಕೈ ಚಾಚಿ ಎಂಟರ್ ಒತ್ತಿದರು. ಅಷ್ಟು ದಿನದಲ್ಲಿ ಅವರು ಆ ಪರದೆಗಾಗಿ ಏನನ್ನಾದರೂ ಒತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.